ಕೆಂಪು ಗುಂಡಿಯ ತೋಳು

"ಆ ಕೈ ಮುಟ್ಟಬೇಡಿ!"

ಅವಳು ಕಿರುಚಿದ ರಭಸಕ್ಕೆ ಲಸಿಕೆ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೆಂಚಿನ ಮೇಲೆ ತೂಕಡಿಸುತ್ತಿದ್ದ ಮುದುಕರೊಬ್ಬರು ಬೆಚ್ಚಿ ಎದ್ದು ಕೂತರು.

ಆದರೆ ಲಸಿಕೆ ಹಾಕುವವನ ಬೆರಳುಗಳು ಅಷ್ಟರಲ್ಲಾಗಲೇ ಅವಳ ಎಡ ಮೊಣಕೈ ಹಿಡಿದಿದ್ದವು. ಬಟ್ಟೆಯ ಕೆಳಗೆ ಏನೋ ಗುಂಯ್‌ಗುಡುತ್ತಿತ್ತು... ಪಕ್ಕದ ಮನೆಯಲ್ಲಿ ಯಾರೋ ಹೊಲಿಗೆ ಮೆಷಿನ್ ತುಳಿಯುತ್ತಿರುವಂತೆ.

ಅವನ ಕೈ ಸರಕ್ಕನೆ ಹಿಂದಕ್ಕೆ ಹೋಯಿತು.

"ಡಯಾಲಿಸಿಸ್..?"

"ವಾರಕ್ಕೆ ಮೂರು ದಿನ, ಇದೇ ಆಸ್ಪತ್ರೆ ಮೇಲಿನ ಮಹಡೀಲಿ. ಆ ಮೆಷಿನ್ ಸೂಜಿ ಬಿಟ್ಟು ಬೇರೆ ಸೂಜಿ ಈ ಕೈಗೆ ತಾಗೋ ಹಾಗಿಲ್ಲ. ಬಿಪಿ ಪಟ್ಟಿ ಕಟ್ಟೋ ಹಾಗಿಲ್ಲ. ಒಂದು ವಾಚ್ ಕೂಡ ಕಟ್ಟೋ ಹಾಗಿಲ್ಲ. ಕೇಳಿ ಮುಟ್ಟೋಕೆ ಏನ್ರೀ ಕಷ್ಟ?"

"ತಪ್ಪಾಯ್ತು. ಬೆಳಗ್ಗೆಯಿಂದ ಇನ್ನೂರು ಎಡಗೈ ನೋಡಿ ನೋಡಿ..."

"ಕೈ ಹಿಂದೆ ಮನುಷ್ಯರೂ ಇರ್ತಾರೆ!"

ಅವನು ತಲೆ ತಗ್ಗಿಸಿದ. ಆಸ್ಪತ್ರೆಯಲ್ಲಿ ಗಂಡು ನರ್ಸುಗಳನ್ನು ಕರೆಯುವ ಹಾಗೆ ಅವನನ್ನೂ ಎಲ್ಲರೂ ಕರೆಯುತ್ತಿದ್ದುದು 'ಬ್ರದರ್' ಎಂದು.

ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಕ್ಷಸನ ಪ್ರಾಣ ಅವನ ಮೈಯೊಳಗೆ ಇರುತ್ತಿರಲಿಲ್ಲ. ಏಳು ಸಮುದ್ರದಾಚೆ, ಒಂದು ಪಂಜರದಲ್ಲಿ, ಒಂದು ಗಿಳಿಯೊಳಗೆ ಇರುತ್ತಿತ್ತು. ಅವಳ ಪ್ರಾಣ ಅಷ್ಟು ದೂರ ಹೋಗಿರಲಿಲ್ಲ. ಎಡ ಮೊಣಕೈಯ ಕೆಳಗೆ, ಡಾಕ್ಟರು ಎರಡು ರಕ್ತನಾಳ ಸೇರಿಸಿ ಹೊಲಿದ ಜಾಗದಲ್ಲಿ ಗುಂಯ್‌ಗುಡುತ್ತಾ ಕೂತಿತ್ತು. ಆ ಮಿಡಿತ ನಿಂತರೆ ಡಯಾಲಿಸಿಸ್ ಇಲ್ಲ. ಡಯಾಲಿಸಿಸ್ ಇಲ್ಲದಿದ್ದರೆ... ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅವಳನ್ನು ಸಾಕಿದ್ದು ಸೋದರತ್ತೆ. ಇಬ್ಬರೂ ಸೇರಿ ಒಂದು ಟೈಲರ್ ಅಂಗಡಿ ನಡೆಸುತ್ತಿದ್ದರು. ದಿನಾ ಬೆಳಗ್ಗೆ ಹಾಸಿಗೆ ಬಳಿ ಬಂದು ಅತ್ತೆ ಕೇಳುವ ಮೊದಲ ಮಾತು ಒಂದೇ.

"ಓಡ್ತಾ ಇದೆಯೇನೇ?"

ಅವಳು ಬೆರಳಿಟ್ಟು ನೋಡುವಳು. "ಓಡ್ತಾ ಇದೆ ಅತ್ತೆ."

ಆಮೇಲೆಯೇ ಅರ್ಧ ಲೋಟ ಕಾಫಿ.

"ಬಲಗೈ ಕೊಡಿ," ಬ್ರದರ್ ತಗ್ಗಿದ ದನಿಯಲ್ಲಿ ಹೇಳಿದ. "ಕೋವಿಡ್‌ದು, ಫ್ಲೂದು, ಎರಡೂ ಒಂದೇ ತೋಳಿಗೆ ಹಾಕ್ತೀನಿ. ಮಧ್ಯೆ ಒಂದು ಇಂಚು ಜಾಗ ಬಿಟ್ಟು."

"ಅದು ಕತ್ತರಿ ಹಿಡಿಯೋ ಕೈ. ನಮಗೆ ಅನ್ನ ಹಾಕೋ ಕೈ."

"ಒಂದೆರಡು ದಿನ ನೋಯಬಹುದು. ಆದ್ರೆ ಈ ಚಳಿಗಾಲದ ಜ್ವರ ನಿಮಗೆ ಹತ್ತಿಕೊಂಡ್ರೆ ಏನಾಗುತ್ತೆ ಅಂತ ನಾನು ಹೇಳ್ಬೇಕಾ?"

ಹೇಳಬೇಕಿರಲಿಲ್ಲ. ಅವಳು ಬಲತೋಳು ಮೇಲಕ್ಕೆ ಮಡಚಿದಳು.

ಅವನು ಫ್ರಿಜ್ ತೆಗೆದ. ಫ್ಲೂ ಲಸಿಕೆಯ ಟ್ರೇಯಲ್ಲಿ ಉಳಿದಿದ್ದು ಒಂದೇ ಒಂದು ಸಿರಿಂಜ್. ಅದಕ್ಕೆ ಬಿಳಿ ಕಾಗದದ ಪಟ್ಟಿಯೊಂದು ಅಂಟಿಕೊಂಡಿತ್ತು.

"ಬ್ರದರ್... ಅದು..." ಮೇಜಿನ ಹಿಂದಿದ್ದ ಹಿರಿಯ ಸಿಸ್ಟರ್ ಎದ್ದು ನಿಂತರು.

"ಇರಲಿ ಸಿಸ್ಟರ್. ಮುಂದಿನ ಪೆಟ್ಟಿಗೆ ಬರೋಕೆ ಇನ್ನೂ ಮೂರು ವಾರ. ಇವರು ಕಾಯೋ ಹಾಗಿಲ್ಲ."

ಪಟ್ಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಅವಳು ನೋಡಿದಳು, ಕೇಳಲಿಲ್ಲ.

ಆಮೇಲೆ ಅರ್ಧ ಗಂಟೆ ಬೆಂಚಿನ ಮೇಲೆ ಕೂರಬೇಕು, ಏನೂ ತೊಂದರೆಯಾಗಲಿಲ್ಲ ಎಂದು ಖಾತ್ರಿಯಾಗುವವರೆಗೆ. ಅಷ್ಟರಲ್ಲಿ ಅವನು ಮೂರು ಸಲ ಬಂದು ವಿಚಾರಿಸಿದ.

"ಹೇಗಿದೀರಾ?"

"ಇನ್ನೂ ಬದುಕಿದೀನಿ!"

"ಒಂದು ಮಾತು ಹೇಳ್ಲಾ? ಆ ತೋಳಿಗೆ ಏನಾದ್ರೂ ಗುರುತು ಹಾಕ್ಕೊಳ್ಳಿ. ನನ್ನಂಥ ಪೆದ್ದರು ಎಲ್ಲಾ ಆಸ್ಪತ್ರೇಲೂ ಇರ್ತಾರೆ."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಎಷ್ಟು ತಿಂಗಳಾಗಿತ್ತು..!

*

ಆ ವಾರವೇ ಅವಳ ಪ್ರತಿ ಉಡುಪಿನ ಎಡತೋಳಿಗೂ ಒಂದೊಂದು ಕೆಂಪು ಗುಂಡಿ ಬಂತು.

"ಏನಮ್ಮಾ ಟೈಲರಮ್ಮ, ಅಂಗಡೀಲಿ ಗುಂಡಿ ಜಾಸ್ತಿಯಾಯ್ತಾ?" ಪಕ್ಕದ ಡಯಾಲಿಸಿಸ್ ಕುರ್ಚಿಯಿಂದ ಮೇಷ್ಟ್ರು ಕೆಣಕಿದರು. ನಿವೃತ್ತ ಗಣಿತದ ಮೇಷ್ಟ್ರು. ನಾಲ್ಕು ವರ್ಷದಿಂದ ಇಬ್ಬರದೂ ಅಕ್ಕಪಕ್ಕದ ಕುರ್ಚಿ. ನಾಲ್ಕು ಗಂಟೆ ರಕ್ತ ಹೊರಗೆ ಹೋಗಿ ತೊಳೆದುಕೊಂಡು ಬರುವಷ್ಟು ಹೊತ್ತು ಅವರನ್ನು ನಗಿಸುವುದು ಅವಳ ಕೆಲಸ, ಅವಳನ್ನು ರೇಗಿಸುವುದು ಅವರ ಕೆಲಸ.

"ಲಸಿಕೆ ಹಾಕಿಸ್ಕೊಂಡೆಯಂತೆ. ನೋವಾಯ್ತಾ?"

"ಅಯ್ಯೋ ಕೇಳ್ಬೇಡಿ ಮೇಷ್ಟ್ರೇ! ಎರಡು ದಿನ ಕತ್ತರಿ ಎತ್ತಕ್ಕಾಗ್ಲಿಲ್ಲ. ಗಿರಾಕಿ ಪ್ಯಾಂಟಿಗೆ ಮೂರು ಕಾಲು ಹೊಲಿಯೋಳಿದ್ದೆ!"

ಕೋಣೆಯಿಡೀ ನಕ್ಕಿತು. ನಿಜಕ್ಕೂ ಆಗಿದ್ದು ಒಂದು ದಿನದ ಸಣ್ಣ ನೋವು, ಅಷ್ಟೇ.

"ಹಾಗಾದ್ರೆ ನನಗೆ ಬೇಡಪ್ಪ. ವಾರಕ್ಕೆ ಆರು ಸೂಜಿ ಚುಚ್ಚಿಸ್ಕೊಳ್ಳೋನಿಗೆ ಏಳನೇದು ಯಾಕೆ? ಮುಂದಿನ ತಿಂಗಳು ನೋಡೋಣ," ಎಂದು ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಆ ಮಾತು ಅವಳ ಕಿವಿಯಲ್ಲಿ ವರ್ಷವಿಡೀ ಕೂತಿರುತ್ತದೆ ಎಂದು ಆಗ ಅವಳಿಗೇನು ಗೊತ್ತು?

ಮುಂದಿನ ವಾರ ಬ್ರದರ್‌ಗೆ ಡಯಾಲಿಸಿಸ್ ವಿಭಾಗಕ್ಕೇ ಡ್ಯೂಟಿ ಬಿತ್ತು.

ಅವಳಿಗೆ ದಿನಕ್ಕೆ ಇಷ್ಟೇ ನೀರು ಎಂದು ಅಳತೆ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುವ ಬಾಯಾರಿಕೆ. ಅದನ್ನು ಅವಳು ಯಾರಿಗೂ ಹೇಳಿಕೊಂಡವಳಲ್ಲ. ಒಂದು ಸೋಮವಾರ ಅವನು ಚಿಕ್ಕ ಬಟ್ಟಲಲ್ಲಿ ಎರಡೇ ಎರಡು ಮಂಜುಗಡ್ಡೆ ಚೂರು ತಂದಿಟ್ಟ.

"ಕುಡಿದ್ರೆ ಒಂದು ಗುಟುಕು. ಚೀಪಿದ್ರೆ ಹತ್ತು ನಿಮಿಷ."

ಅವಳು ಬಾಯಿಗಿಟ್ಟುಕೊಂಡಳು. ಕಣ್ಣು ತುಂಬಿತು. ಮಂಜುಗಡ್ಡೆಯ ತಂಪಿಗೆ ಎಂದುಕೊಳ್ಳಲಿ ಎಂದು ಮುಖ ಆ ಕಡೆ ತಿರುಗಿಸಿದಳು.

ಆಮೇಲೆ ಪ್ರತಿ ಸೋಮವಾರ, ಬುಧವಾರ, ಶುಕ್ರವಾರ ಎರಡು ಚೂರು. ಒಂದು ದಿನ ಅವಳು ಸೂಜಿ ಚುಚ್ಚಿಸಿಕೊಳ್ಳುತ್ತಲೇ ಹೇಳಿಬಿಟ್ಟಳು:

"ನಿಮ್ಮನ್ನ ಬ್ರದರ್ ಅಂತ ಕರೆಯೋಕೆ ಇನ್ಮೇಲೆ ನನ್ನ ಕೈಲಾಗಲ್ಲ."

ಅವನ ಕಿವಿ ಕೆಂಪಾಯಿತು. "ಹಾಗಾದ್ರೆ... ನಿಮ್ಮ ಅತ್ತೆ ಹತ್ರ ಬಂದು ಮಾತಾಡ್ಲಾ?"

"ನೋಡಿದ್ರಾ ಮೇಷ್ಟ್ರೇ!" ಅವಳು ಗಾಬರಿಯಲ್ಲಿ ಪಕ್ಕಕ್ಕೆ ತಿರುಗಿದಳು.

"ನಾನು ನಿದ್ದೆ ಮಾಡ್ತಿದೀನಮ್ಮ," ಎಂದರು ಮೇಷ್ಟ್ರು, ಕಣ್ಣು ಮುಚ್ಚಿಯೇ. ತುಟಿಯಂಚಿನಲ್ಲಿ ನಗು.

*

ಮುಂದಿನ ಸೋಮವಾರ ಅವನು ಬರಲಿಲ್ಲ. ಜ್ವರವಂತೆ ಎಂದರು.

ಬುಧವಾರ ಮೇಷ್ಟ್ರು ಕೆಮ್ಮುತ್ತಿದ್ದರು. ಅವರ ಕುರ್ಚಿಯನ್ನು ದೂರದ ಮೂಲೆಗೆ ಎಳೆದು ಅಡ್ಡ ಪರದೆ ಕಟ್ಟಿದರು. ಶುಕ್ರವಾರ ಆ ಕುರ್ಚಿ ಖಾಲಿಯಿತ್ತು. ಹನ್ನೊಂದನೇ ದಿನ ಅದಕ್ಕೆ ಹೊಸ ಬಟ್ಟೆ ಹೊದಿಸಿ ಬೇರೊಬ್ಬರನ್ನು ತಂದು ಕೂರಿಸಿದರು.

"ಫ್ಲೂ," ಎಂದರು ಲಸಿಕೆ ಕೋಣೆಯಿಂದ ಮೇಲೆ ಬಂದಿದ್ದ ಹಿರಿಯ ಸಿಸ್ಟರ್, ಯಾರ ಮುಖವನ್ನೂ ನೋಡದೆ. "ಲಸಿಕೆ ಹಾಕಿಸ್ಕೊಂಡಿರ್ಲಿಲ್ಲ."

ಅವಳು ಆ ಕುರ್ಚಿಯ ಕಡೆ ತಿರುಗಿದಳು. *ಮೂರು ಕಾಲಿನ ಪ್ಯಾಂಟು... ಆ ಸುಳ್ಳು ನೋವು... ನಾನೇ..!*

ಆ ಹೊತ್ತಿನಲ್ಲಿ ಒರಗಲು ಅವಳಿಗೆ ಒಂದೇ ಒಂದು ಹೆಗಲು ಬೇಕಿತ್ತು. ಅವನು ಫೋನ್ ಎತ್ತಲಿಲ್ಲ. ಎರಡು ವಾರ ಕಳೆದವು.

"ಸಿಸ್ಟರ್, ಅವರಿಗೆ ಇನ್ನೂ ವಾಸಿಯಾಗ್ಲಿಲ್ವಾ?"

ಸಿಸ್ಟರ್ ನಿಟ್ಟುಸಿರು ಬಿಟ್ಟರು. "ಯಾವಾಗಲೋ ವಾಸಿಯಾಯ್ತು ಕಣಮ್ಮ. ಡಯಾಲಿಸಿಸ್ ಕಡೆ ನನ್ನ ಹಾಕ್ಲೇಬೇಡಿ ಅಂತ ತಾನೇ ಬರೆದುಕೊಟ್ಟಿದಾನೆ."

ಹಾಗಾದರೆ ಇವನೂ... ಅವಳನ್ನು ನೋಡಲು ಬಂದ ಇಬ್ಬರು ಗಂಡುಗಳು ಡಯಾಲಿಸಿಸ್ ಎಂದ ಕೂಡಲೇ ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದು ಹೋಗಿದ್ದರು. ಇವನು ಲೋಟ ಪೂರ್ತಿ ಮುಗಿಸಿ ಎದ್ದು ಹೋದ. ಅಷ್ಟೇ ವ್ಯತ್ಯಾಸ!

ಆ ದಿನ ಮನೆಗೆ ಬಂದವಳೇ ಬ್ಲೇಡು ತೆಗೆದುಕೊಂಡು ಒಂದೊಂದೇ ಕೆಂಪು ಗುಂಡಿ ಬಿಚ್ಚಿದಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ನೆಲದ ಮೇಲೆ ಬಿದ್ದ ಗುಂಡಿಗಳನ್ನು ಆರಿಸಿ ಡಬ್ಬಿಯೊಂದರಲ್ಲಿ ಹಾಕಿಟ್ಟರು.

*

ಮತ್ತೆ ಲಸಿಕೆಯ ಕಾಲ ಬಂತು.

"ನಾನು ಹೋಗಲ್ಲ."

"ಅವನ ಮುಖ ನೋಡೋಕೆ ಇಷ್ಟ ಇಲ್ಲ ಅಂತ ಪ್ರಾಣ ಬಿಡ್ತೀಯಾ?" ಅತ್ತೆ ಮೆಷಿನ್ ನಿಲ್ಲಿಸಿದರು. "ಮೇಷ್ಟ್ರ ಹೆಂಡತಿ ಮೊನ್ನೆ ಅವರ ಶರ್ಟುಗಳನ್ನ ತಂದಿದ್ರು, ಕತ್ತರಿಸಿ ದಿಂಬಿನ ಕವರ್ ಮಾಡಿಕೊಡು ಅಂತ. ನಿನ್ನ ಬಟ್ಟೇಲಿ ನಾನು ದಿಂಬಿನ ಕವರ್ ಹೊಲೀಬೇಕಾ? ಹೇಳು!"

ಅವಳು ಹೋದಳು.

ಅದೇ ಕೋಣೆ, ಅದೇ ಬೆಂಚು. ಮೂಲೆಯಲ್ಲಿ ಅವನು ಕೂತು ರಿಜಿಸ್ಟರ್ ಬರೆಯುತ್ತಿದ್ದ. ಸೊರಗಿದ್ದ. ಅವಳನ್ನು ಕಂಡವನೇ ಎದ್ದು ಬಾಗಿಲ ಕಡೆ ನಡೆದ.

ಸಿಸ್ಟರ್ ಟ್ರೇ ತೆಗೆದಿಟ್ಟರು. ಒಂದು ಸಿರಿಂಜಿಗೆ ಬಿಳಿ ಪಟ್ಟಿ ಅಂಟಿತ್ತು. ಅದರ ಮೇಲೆ ಬರೆದಿತ್ತು: 'ಬ್ರದರ್'.

ಆ ಪಟ್ಟಿ!

"ಸಿಸ್ಟರ್... ಇದೇನು?"

"ಸಿಬ್ಬಂದಿಗೆ ಅಂತ ಒಂದೊಂದು ಎತ್ತಿಡ್ತೀವಮ್ಮ. ಹೋದ ವರ್ಷ ಈ ಪುಣ್ಯಾತ್ಮ ತನ್ನದನ್ನ ನಿನಗೇ ಹಾಕಿಬಿಟ್ನಲ್ಲ. ಆಮೇಲೆ ಹೊಸ ಪೆಟ್ಟಿಗೆ ಬಂತು. ಊರಿಗೆಲ್ಲ ಹಾಕ್ದ. ತನಗೆ ಮಾತ್ರ ನಾಳೆ, ನಾಡಿದ್ದು ಅಂತ..."

"ಸಿಸ್ಟರ್, ಸಾಕು!" ಬಾಗಿಲಲ್ಲಿ ನಿಂತಿದ್ದ ಅವನು ತಡೆದ.

ಅವಳು ಎದ್ದು ಅವನ ಎದುರಿಗೇ ನಿಂತಳು.

"ಯಾಕೆ ಓಡಿಹೋದ್ರಿ? ಈಗಲಾದ್ರೂ ಹೇಳಿ."

"ನಾನು ರಜೆ ಹಾಕೋ ಹಿಂದಿನ ಶುಕ್ರವಾರ ಮಾಮೂಲಿಯಾಗಿ ಡ್ಯೂಟಿ ಮಾಡ್ದೆ," ಅವನು ನೆಲ ನೋಡುತ್ತಾ ಹೇಳಿದ. "ಮೇಷ್ಟ್ರಿಗೆ ಸೂಜಿ ಹಾಕಿದ್ದೂ ನಾನೇ. ಸಂಜೆ ಮೈ ಬಿಸಿಯಾಯ್ತು. ಬುಧವಾರ ಅವರು ಕೆಮ್ಮಿದ್ರು... ಲಸಿಕೆ ಹಾಕೋನು ತಾನೇ ಹಾಕಿಸ್ಕೊಳ್ಳದೆ ನಿಮ್ಮ ಮಧ್ಯೆ ಓಡಾಡ್ದೆ. ನಾನೇ ಕೊಂದೆ ಅವರನ್ನ. ನಾಳೆ ನಿಮಗೂ..."

"ನಾನಂದ್ಕೊಂಡೆ... ನನ್ನ ಕಾಯಿಲೆ ಸಾಕಾಯ್ತು ನಿಮಗೆ ಅಂತ."

"ನಿಮ್ಮ ಕಾಯಿಲೇನಾ? ನಾನು ಹೆದರಿದ್ದು ನನಗೇ!"

ಅವಳಿಗೂ ಇನ್ನು ಮುಚ್ಚಿಡಲಾಗಲಿಲ್ಲ. ಮೂರು ಕಾಲಿನ ಪ್ಯಾಂಟಿನ ಕಥೆ, ಕೋಣೆಯಿಡೀ ನಕ್ಕಿದ್ದು, ಮುಂದಿನ ತಿಂಗಳು ನೋಡೋಣ ಎಂದ ಮೇಷ್ಟ್ರು... ಎಲ್ಲ ಹೇಳಿದಳು. ಅತ್ತೆಗೂ ಹೇಳದ ಮಾತು ಅದು.

"ಅವರನ್ನ ತಡೆದೋಳು ನಾನು."

ಕಾಯಿಲೆ ಯಾರಿಂದ ಬಂತೋ, ಯಾವ ಮಾತಿಗೆ ಮೇಷ್ಟ್ರು ಹಿಂದೆ ಸರಿದರೋ, ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಆ ಭಾರ ಇಳಿಯುವಂಥದ್ದಲ್ಲ. ಆದರೆ ಇಷ್ಟು ದಿನ ಅದನ್ನು ಒಬ್ಬೊಬ್ಬರೇ ಹೊತ್ತಿದ್ದರು.

ಅವಳೇ ಮೊದಲು ಕಣ್ಣೊರೆಸಿಕೊಂಡಳು. ಆ ಪಟ್ಟಿಯ ಸಿರಿಂಜನ್ನು ತೋರಿಸಿದಳು.

"ಸಿಸ್ಟರ್, ಮೊದಲು ಇವರಿಗೆ. ನನ್ನ ಕಣ್ಣೆದುರಿಗೇ."

ಅವನು ತೋಳು ಮಡಚಿದ. ಆಮೇಲೆ ಕೈ ತೊಳೆದು ಬಂದು ಅವಳ ಎದುರು ಕೂತ. ಅವಳ ಎಡತೋಳು ಬೋಳಾಗಿತ್ತು. ಅಲ್ಲಿ ಬಿಚ್ಚಿದ ದಾರದ ಸಣ್ಣ ತೂತುಗಳು ಮಾತ್ರ ಉಳಿದಿದ್ದವು.

"ಗುಂಡಿ?"

"ಕಿತ್ತು ಹಾಕ್ದೆ. ಸಿಟ್ಟಿಗೆ."

ಅವನು ತಡವರಿಸದೆ ಬಲಗೈ ಹಿಡಿದ. ಫ್ಲೂದು, ಕೋವಿಡ್‌ದು, ಮಧ್ಯೆ ಒಂದು ಇಂಚು.

ಅರ್ಧ ಗಂಟೆ. ಈ ಸಲ ಬೆಂಚಿನ ಮೇಲೆ ಇಬ್ಬರು.

"ಕಿಡ್ನಿ ಬದಲಾಯಿಸೋರ ಪಟ್ಟೀಲಿ ನನ್ನ ಹೆಸರು ಇನ್ನೂ ಬಹಳ ಕೆಳಗಿದೆ," ಅವಳು ಗೋಡೆ ನೋಡುತ್ತಾ ಹೇಳಿದಳು. "ಎಷ್ಟು ದಿನ ಇರ್ತೀನೋ ಗೊತ್ತಿಲ್ಲ. ಇರೋವಾಗಲೇ ಹೀಗೆ ಬಿಟ್ಟುಹೋದ್ರೆ ನನ್ನ ಕೈಲಾಗಲ್ಲ ರೀ..."

"ಹೋಗಲ್ಲ. ಮೈ ಬಿಸಿಯಾದ ದಿನ ಮಾತ್ರ ಬಾಗಿಲಾಚೆ ನಿಲ್ತೀನಿ. ಅಲ್ಲಿಂದಲೇ ಮಾತಾಡ್ತೀನಿ. ಆದ್ರೆ ಹೋಗಲ್ಲ."

ಅವಳು ನಿಧಾನಕ್ಕೆ ಎಡಗೈಯನ್ನು ಅವನ ಮಡಿಲಲ್ಲಿಟ್ಟಳು.

"ಮುಟ್ಟಿ."

ಹೂವಿನ ಮೇಲೆ ಇಡುವ ಹಾಗೆ, ಒತ್ತದೆ ಅವನು ಬೆರಳಿಟ್ಟ.

"ಓಡ್ತಾ ಇದೆಯಾ?" ಕೇಳಿದಳು.

ಅವನು ಕಣ್ಣು ಮುಚ್ಚಿದ.

"ಓಡ್ತಾ ಇದೆ."