ಹೆಸರಿಲ್ಲದ ಕ್ಯಾನು

ಹದಿನೇಳನೇ ತಾರೀಕು, ಬುಧವಾರ ಬೆಳಗ್ಗೆ 9.40ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮಕ್ಕ ಆಸ್ಪತ್ರೇಲಿ ಉಸಿರಿಗೆ ಒದ್ದಾಡ್ತಿದಾಳೆ. ನೀವು ನೋಡಿದ್ರೆ ತಪ್ಪು ಅವಳದೇ ಅಂತ ಬರೆದು ಕಳಿಸಿದೀರಂತೆ. ಲಾಂಡ್ರಿ ಮ್ಯಾನೇಜರ್ ಆ ಕಾಗದ ತೋರಿಸಿ, ಚಿಕಿತ್ಸೆಗೂ ನಮಗೂ ಸಂಬಂಧ ಇಲ್ಲ, ಇನ್ಮೇಲೆ ಕೆಲಸಾನೂ ಇಲ್ಲ ಅಂದ. ಸಾರ್, ಒಂದೇ ಮಾತು ಕೇಳ್ತೀನಿ. ನೀವು ಆ ಜಾಗಕ್ಕೆ ಹೋಗಿದ್ರಾ?"

ಇನ್ಸ್‌ಪೆಕ್ಟರ್ ಹೋಗಿರಲಿಲ್ಲ. ಹಿಂದಿನ ಸಂಜೆ ಆಸ್ಪತ್ರೆಯಿಂದ ಮಾಹಿತಿ ಬಂದಾಗ ಮ್ಯಾನೇಜರಿಗೆ ಫೋನು ಮಾಡಿ, ಅವನು ಹೇಳಿದ್ದನ್ನು ಹೇಳಿದ ಹಾಗೇ ಗೀಚಿ, 'ಸ್ವಂತ ಅಜಾಗರೂಕತೆ' ಎಂದು ಸಹಿ ಜಡಿದಿದ್ದ. ಮಗಳ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಅಲ್ಲಿಗೂ ತಡವಾಗಿಯೇ ಹೋದ, ಅದು ಬೇರೆ ಮಾತು.

"ಹೋಗಿಲ್ಲಮ್ಮ," ಅಂದ. ಪಕ್ಕದಲ್ಲಿದ್ದ ವಯಸ್ಸಾದ ದಫೇದಾರ ಕೇಳಿಯೂ ಕೇಳದವನಂತೆ ಗೋಡೆಯ ಕ್ಯಾಲೆಂಡರ್ ಓದತೊಡಗಿದ.

10.15ಕ್ಕೆ ಎಫ್‌ಐಆರ್ ದಾಖಲಾಯಿತು. 10.50ಕ್ಕೆ ಇನ್ಸ್‌ಪೆಕ್ಟರ್, ದಫೇದಾರ ಇಬ್ಬರೂ ತಂಗಿಯ ಜೊತೆ ಆಸ್ಪತ್ರೆಯಲ್ಲಿದ್ದರು.

"ಬ್ಲೀಚಿಂಗ್ ನೀರಿದ್ದ ತೊಟ್ಟಿಗೆ ಆಸಿಡ್ ಬಿದ್ದಿದೆ," ಅಂದರು ಡಾಕ್ಟರು. "ಎರಡೂ ಸೇರಿದ್ರೆ ವಿಷದ ಗಾಳಿ ಏಳುತ್ತೆ. ಆಕೆ ಬಗ್ಗಿ ನಿಂತಿದ್ರು, ನೇರ ಎದೆಗೇ ಇಳಿದಿದೆ. ಮಾತಾಡಿಸಬೇಡಿ."

ಮೂಗು ಬಾಯಿ ಮುಚ್ಚಿದ ಮಾಸ್ಕಿನ ಮೇಲೆ ಅಕ್ಕನ ಕೆಂಪಗೆ ಊದಿದ ಕಣ್ಣುಗಳಷ್ಟೇ ಕಾಣುತ್ತಿದ್ದವು. ಬರೆದು ತೋರಿಸೋಣವೆಂದರೆ ಓದುಬರಹ ಬಾರದು. ತಂಗಿ ಅಕ್ಕನ ಕಿವಿಯ ಹತ್ತಿರ ಬಾಗಿದಳು.

"ಅಕ್ಕಾ, ನೀನು ಸುರಿದ ಕ್ಯಾನಿನ ಮುಚ್ಚಳ ಯಾವ ಬಣ್ಣ ಇತ್ತು? ಇವರಿಗೆ ತೋರಿಸು."

ಲಾಂಡ್ರಿಯಲ್ಲಿ ನೀಲಿ ಮುಚ್ಚಳ ಅಂದರೆ ಸೋಪು, ಕೆಂಪು ಅಂದರೆ ಆಸಿಡ್, ಬಿಳಿ ಅಂದರೆ ಬ್ಲೀಚಿಂಗ್ ಎಂದು ಅಕ್ಕನಿಂದ ಕೇಳಿದ್ದ ತಂಗಿಯೇ ದಾರಿಯಲ್ಲಿ ವಿವರಿಸಿದ್ದಳು. ಇನ್ಸ್‌ಪೆಕ್ಟರ್ ಜೇಬಿನಿಂದ ಎರಡು ಪೆನ್ನು ತೆಗೆದು ಹಿಡಿದ, ಒಂದು ಕೆಂಪು, ಒಂದು ನೀಲಿ. ಅಕ್ಕ ಸಮಯ ತೆಗೆದುಕೊಳ್ಳಲಿಲ್ಲ. ನೀಲಿ ಪೆನ್ನನ್ನು ಮುಟ್ಟಿದಳು. ಮತ್ತೊಮ್ಮೆ ಮುಟ್ಟಿ, ಬೆರಳು ತೆಗೆಯದೆ ಹಾಗೇ ಇಟ್ಟುಕೊಂಡಳು.

12.10. ಲಾಂಡ್ರಿಯ ಒಗೆಯುವ ಕೋಣೆ. ಆಸ್ಪತ್ರೆ, ಲಾಡ್ಜುಗಳ ಹಾಸುಬಟ್ಟೆಗಳು ಗುಡ್ಡದಂತೆ ಬಿದ್ದಿದ್ದವು, ನೆಲವೆಲ್ಲ ಒದ್ದೆ. ಗೋಡೆಯುದ್ದಕ್ಕೂ ಒಂದೇ ಅಚ್ಚಿನ ಬಿಳಿ ಕ್ಯಾನುಗಳು. ಯಾವುದರ ಮೇಲೂ ಒಂದಕ್ಷರ ಇರಲಿಲ್ಲ.

"ಹೆಸರಿನ ಚೀಟಿ ಎಲ್ಲಿ?" ಕೇಳಿದ ಇನ್ಸ್‌ಪೆಕ್ಟರ್.

"ದೊಡ್ಡ ಡ್ರಮ್ಮಿನ ಮೇಲಿದೆ ಸಾರ್, ಸ್ಟೋರಲ್ಲಿ," ಅಂದ ಮ್ಯಾನೇಜರ್. "ಇಲ್ಲಿಗೆ ಕ್ಯಾನಲ್ಲಿ ಸುರಿದು ತರ್ತೀವಿ."

"ಕ್ಯಾನಿಗೆ ಯಾಕೆ ಅಂಟಿಸಿಲ್ಲ?"

"ಮುಚ್ಚಳದ ಬಣ್ಣ ಇದೆಯಲ್ಲ ಸಾರ್."

"ಯಾವುದು ಯಾವುದರ ಜೊತೆ ಸೇರಬಾರದು, ಸೇರಿದ್ರೆ ಏನು ಮಾಡಬೇಕು, ಆ ಮಾಹಿತಿ ಹಾಳೆಗಳು?"

"ನನ್ನ ಡ್ರಾಯರಲ್ಲಿ ಭದ್ರವಾಗಿವೆ. ಇಲ್ಲಿಟ್ರೆ ಒದ್ದೆಯಾಗ್ತವೆ."

"ಹಾಳೆ ಒದ್ದೆಯಾಗಬಾರದು, ಹೆಂಗಸರ ಎದೆ ಸುಟ್ಟುಹೋದ್ರೆ ಪರವಾಗಿಲ್ಲ," ಅಂದ ದಫೇದಾರ. ಮ್ಯಾನೇಜರ್ ನಕ್ಕ. ಬೇರಾರೂ ನಗದ್ದು ನೋಡಿ ನಿಲ್ಲಿಸಿದ.

ಕೋಣೆಯ ಮೇಲ್ವಿಚಾರಕಿಗೆ ಐವತ್ತರ ಮೇಲಾಗಿತ್ತು. ಹೊಸದಾಗಿ ಬಂದ ಪ್ರತಿಯೊಬ್ಬಳಿಗೂ ಕೆಲಸ ಕಲಿಸುವವಳು ಆಕೆಯೇ, ಹಾಗಾಗಿ ಎಲ್ಲರ ಬಾಯಲ್ಲೂ ಟೀಚರಮ್ಮ. ಓದು ಬಾರದವರಿಗೆಂದು ಮುಚ್ಚಳದ ಲೆಕ್ಕ ಕಂಡುಹಿಡಿದದ್ದೂ ಆಕೆಯೇ.

"ಘಟನೆ ಆದಾಗ ಮೊದಲು ಓಡಿಬಂದಿದ್ದು ಯಾರು?"

"ನಾನೇ ಸಾರ್. ಅವಳನ್ನ ಹೊರಗೆ ಎಳೆದುಹಾಕಿದೆ."

"ಕ್ಯಾನಿನ ಮೇಲೆ ಯಾವ ಮುಚ್ಚಳ ಇತ್ತು?"

"ಕೆಂಪು." ಆಕೆ ನೆಲ ನೋಡುತ್ತಾ ಹೇಳಿದಳು. "ಅವಳು ಗಮನ ಕೊಟ್ಟಿಲ್ಲ."

ಎದುರಿನ ಸೈಕಲ್ ಅಂಗಡಿಯವನನ್ನೂ ಹಾಲು ಮಾರುವವನನ್ನೂ ಪಂಚರಾಗಿ ಕರೆಸಿ 12.40ಕ್ಕೆ ಪಂಚನಾಮೆ ಆರಂಭಿಸಿದರು. ಇನ್ಸ್‌ಪೆಕ್ಟರ್ ಈ ಸಲ ಒಂದೊಂದು ಕ್ಯಾನನ್ನೂ ತಾನೇ ಬಗ್ಗಿ ನೋಡಿದ. ಘಟನೆಯ ಕ್ಯಾನಿಗೆ ಕೆಂಪು ಮುಚ್ಚಳ ಸರಿಯಾಗಿಯೇ ಕೂತಿತ್ತು. ಆದರೆ ಮೂಲೆಯಲ್ಲಿದ್ದ ಇನ್ನೊಂದು ಕ್ಯಾನಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ದಾರ ಬಿಗಿದಿದ್ದರು.

"ಇದರ ಟೋಪಿ ಎಲ್ಲಿ ಹೋಯ್ತಪ್ಪ?" ದಫೇದಾರ ಹತ್ತಿರ ಹೋಗಿ, ಘಾಟಿಗೆ ಮುಖ ಹಿಂದೆಳೆದ. "ಸಾರ್, ಇದೂ ಆಸಿಡ್ಡೇ."

ಆಸಿಡ್ಡಿನ ಕ್ಯಾನು ಎರಡು, ಕೆಂಪು ಮುಚ್ಚಳ ಒಂದು. ಇನ್ಸ್‌ಪೆಕ್ಟರ್ ಸ್ಟೋರಿಗೆ ನಡೆದ. ಸ್ಟೋರಿನವನು ತಂತಿಗೆ ಪೋಣಿಸಿದ ಬೇಡಿಕೆ ಚೀಟಿಗಳ ಕಂತೆಯನ್ನೇ ಮುಂದಿಟ್ಟ. ಹದಿನೈದನೇ ತಾರೀಕಿನ ಚೀಟಿ ಮೇಲೇ ಸಿಕ್ಕಿತು: 'ಕೆಂಪು ಮುಚ್ಚಳ ಒಡೆದಿದೆ. ಒಂದು ಬೇಕು. ತುರ್ತು.' ಕೆಳಗೆ ಟೀಚರಮ್ಮನ ಸಹಿ.

"ಕೊಟ್ಯಾ?"

"ಮುಚ್ಚಳಕ್ಕೂ ಮ್ಯಾನೇಜರ್ ಸಹಿ ಬೇಕಂತೆ ಸಾರ್. ಅವರು ಎರಡು ದಿನ ರಜ ಹಾಕಿ ಪರ ಊರಿಗೆ ಹೋಗಿದ್ರು, ಇವತ್ತು ಬೆಳಗ್ಗೆಯೇ ಬಂದಿದ್ದು. ಡ್ರಮ್ಮು ಬೇಕಾದ್ರೆ ಹೊತ್ಕೊಂಡು ಹೋಗಿ, ಮುಚ್ಚಳ ಮಾತ್ರ ಕೇಳಬೇಡಿ ಅನ್ನೋ ಹಾಗಿದೆ ನಮ್ಮ ಕತೆ."

ಮ್ಯಾನೇಜರ್ ಊರಲ್ಲೇ ಇರಲಿಲ್ಲ! ಮಂಗಳವಾರ ಫೋನಿನಲ್ಲಿ ಅಷ್ಟು ಖಚಿತವಾಗಿ ಮಾತಾಡಿದವನು ಏನನ್ನೂ ಕಂಡಿರಲಿಲ್ಲ. ಕಾಣದವನು ಹೇಳಿದ್ದನ್ನು ಕಾಣದವನೇ ಬರೆದುಕೊಂಡಿದ್ದ. ಇನ್ಸ್‌ಪೆಕ್ಟರ್ ಚೀಟಿಯನ್ನು ತಂತಿಯಿಂದ ಬಿಡಿಸಿಕೊಂಡ.

1.30. ಟೀಚರಮ್ಮನನ್ನು ಇಸ್ತ್ರಿ ಕೋಣೆಯಲ್ಲಿ ಕೂರಿಸಿದರು. ಠಾಣೆಯಿಂದ ಕರೆಸಿದ ಮಹಿಳಾ ಕಾನ್‌ಸ್ಟೆಬಲ್ ಬಾಗಿಲ ಬಳಿ ನಿಂತಳು. ಇನ್ಸ್‌ಪೆಕ್ಟರ್ ಚೀಟಿಯನ್ನು ಮೇಜಿನ ಮೇಲಿಟ್ಟ.

"ಒಡೆದ ಮುಚ್ಚಳದ ಜಾಗಕ್ಕೆ ಏನು ಹಾಕಿದ್ರಿ?"

ಆಕೆ ಚೀಟಿಯನ್ನು ಬೆರಳಿನಿಂದ ಆಚೆ ಸರಿಸಿದಳು.

"ಆಕೆ ನೀಲಿ ಅಂತ ತೋರಿಸಿದಾರೆ."

ಆಕೆಯ ಕೈ ಏಪ್ರನ್ನಿನ ಜೇಬಿಗೆ ಹೋಯಿತು. ನೀಲಿ ಮುಚ್ಚಳವೊಂದನ್ನು ತೆಗೆದು ಚೀಟಿಯ ಪಕ್ಕಕ್ಕಿಟ್ಟಳು.

"ಎಸೆಯೋಣ ಅಂತ ಮೂರು ಸಲ ಹೋದೆ ಸಾರ್, ಕೈ ಬರಲಿಲ್ಲ." ಮುಚ್ಚಳವನ್ನೇ ನೋಡುತ್ತಾ ಮುಂದುವರಿಸಿದಳು. "ಹೊಸ ಮುಚ್ಚಳ ಬರಲೇ ಇಲ್ಲ. ಕ್ಯಾನಿನ ಬಾಯಿ ತೆರೆದಿದ್ರೆ ಯಾರಾದ್ರೂ ಎಡವಿ ಚೆಲ್ಲಿಕೊಳ್ತಾರೆ ಅಂತ, ನಿನ್ನೆ ಬೆಳಗ್ಗೆ ಖಾಲಿ ಸೋಪಿನ ಕ್ಯಾನಿಂದು ತೆಗೆದು ಹಾಕಿದೆ. ಮಧ್ಯಾಹ್ನದ ಪಾಳಿಯವರು ಬಂದ ತಕ್ಷಣ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಯಂತ್ರ ಕೆಟ್ಟು ನಿಂತಿತು, ಅದರ ಹಿಂದೆ ಹೋದೆ. ಮರೆತೇಬಿಟ್ಟೆ."

"ಆಮೇಲೆ?"

"ಅವಳನ್ನ ಹೊರಗೆ ಮಲಗಿಸಿ ಒಳಗೆ ಬಂದೆ. ಇನ್ನೊಂದು ಕ್ಯಾನಿನ ಕೆಂಪು ತೆಗೆದು ಇದಕ್ಕೆ ಹಾಕಿದೆ."

"ಆಂಬುಲೆನ್ಸಿಗೆ ಫೋನು ಮಾಡೋಕೆ ಮುಂಚೆನೋ, ಆಮೇಲೋ?"

ಈ ಪ್ರಶ್ನೆಗೆ ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಮುಂಚೆ," ಅಂದಳು ಸೆರಗಿನೊಳಗಿಂದ.

ಮಹಿಳಾ ಕಾನ್‌ಸ್ಟೆಬಲ್ ಕಿಟಕಿಯತ್ತ ತಿರುಗಿದಳು.

"ಯಾಕಮ್ಮ? ನಿಜ ಹೇಳಿದ್ರೆ ಮರೆವು ಅಂತಾದ್ರೂ ಆಗ್ತಿತ್ತು."

"ಇಪ್ಪತ್ತೆರಡು ವರ್ಷದಿಂದ ಮುಚ್ಚಳ ನೋಡ್ದೆ ಕ್ಯಾನು ಮುಟ್ಟಿದವಳನ್ನ ಎಲ್ಲರೆದುರು ಬೈದಿದೀನಿ. 'ಕಣ್ಣು ಮನೇಲಿಟ್ಟು ಬಂದ್ಯಾ' ಅಂತ ಅವಳನ್ನೂ ಬೈದಿದ್ದೆ. ಪಾಪ, ಅವಳು ನೋಡೇ ತಗೊಂಡಳು. ನಾನು ಕಲಿಸಿದ ಹಾಗೇ ಮಾಡಿದಳು. ಅದನ್ನ ಇಲ್ಲಿರೋ ಹೆಂಗಸರ ಮುಖ ನೋಡಿ ಹೇಗೆ ಹೇಳಲಿ?"

ನಿರ್ಲಕ್ಷ್ಯದಿಂದ ಪ್ರಾಣಾಪಾಯ ತಂದದ್ದು, ಸಾಕ್ಷ್ಯ ಬದಲಿಸಿದ್ದು ಎಂದು ಆಕೆಯ ಮೇಲೆ ಕೇಸು. ಹೆಸರಿಲ್ಲದ ಕ್ಯಾನುಗಳಲ್ಲಿ ಅಪಾಯದ ವಸ್ತು ಇಡಿಸಿದ್ದು, ಮಾಹಿತಿ ಹಾಳೆಗಳನ್ನು ಬೀಗದೊಳಗಿಟ್ಟದ್ದು ಎಂದು ಮ್ಯಾನೇಜರ್ ಮೇಲೆ. 3.05ಕ್ಕೆ ಇಬ್ಬರನ್ನೂ ಬಂಧಿಸಲಾಯಿತು. ಗಾಯಗೊಂಡಾಕೆಯ ತಪ್ಪೇನೂ ಇಲ್ಲವೆಂದು, ಮೊದಲ ವರದಿ ಸ್ಥಳ ನೋಡದೆ ಬರೆದದ್ದೆಂದು ಇನ್ಸ್‌ಪೆಕ್ಟರ್ ತನ್ನ ಹೆಸರಿನಲ್ಲೇ ಬರೆದು ಮೇಲಧಿಕಾರಿಗೆ ಕಳಿಸಿದ. ಒಂದು ಪ್ರತಿಯನ್ನು ತಂಗಿಯ ಕೈಗೆ ಕೊಟ್ಟ. ಅವಳು ಥ್ಯಾಂಕ್ಸ್ ಹೇಳಲಿಲ್ಲ. ಹೇಳಿದ್ದರೆ ಅವನಿಗೆ ಇನ್ನೂ ಕಷ್ಟವಾಗುತ್ತಿತ್ತು.

ಟೀಚರಮ್ಮನನ್ನು ಒಗೆಯುವ ಕೋಣೆಯ ಮೂಲಕವೇ ಕರೆದೊಯ್ಯಬೇಕಾಯಿತು, ಬೇರೆ ಬಾಗಿಲಿರಲಿಲ್ಲ. ಹದಿನಾಲ್ಕು ಹೆಂಗಸರು ಕೆಲಸ ಬಿಟ್ಟು ನಿಂತಿದ್ದರು. ಆಕೆ ತಲೆಯೆತ್ತಲಿಲ್ಲ. ಯಾರಾದರೂ ಬೈದಿದ್ದರೆ, ಉಗಿದಿದ್ದರೆ, ಬಹುಶಃ ಆಕೆಗೆ ಹಗುರಾಗುತ್ತಿತ್ತು. ಯಾರೂ ಬೈಯಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಒಬ್ಬಳು ಮಾತ್ರ ಅಭ್ಯಾಸಬಲದಿಂದ ಕೇಳಿದಳು:

"ಟೀಚರಮ್ಮಾ, ಈಗ ಯಾವುದು ಸೋಪು ಅಂತ ನಂಬೋಣ?"

ಟೀಚರಮ್ಮ ನಿಂತಳು. ಇನ್ಸ್‌ಪೆಕ್ಟರೂ ನಿಂತ.

"ಯಾವುದನ್ನೂ ಮುಟ್ಟಬೇಡ್ರೇ," ಅಂದಳು. "ನಾನು ಹೇಳಿದ್ದೆ ಅಂತ ಮಾತ್ರ ಮುಟ್ಟಲೇಬೇಡಿ."