ಪೊಂಚ್ಕಿ ಗುರುವಾರದ ಸಹಿ

ಏಪ್ರಿಲ್ 7, ಸೋಮವಾರ, ಬೆಳಿಗ್ಗೆ 9.20ಕ್ಕೆ ಸಾನೊಕ್ ಪಟ್ಟಣದ ಪೊಲೀಸ್ ಠಾಣೆಗೆ ದೂರು ಬಂತು. ದೂರುದಾರಳು ಸಿಯೂರಿ, ಜಾರ್ಜಿಯಾ ದೇಶದಿಂದ ಕೆಲಸಕ್ಕೆ ಬಂದವಳು. ಬೊಗುಮಿಲ್ ಎಂಬವನ ಬೇಕರಿಯಲ್ಲಿ ಐದು ವರ್ಷದಿಂದ ಕೆಲಸ, ವಾಸವೂ ಅದರ ಮಾಳಿಗೆಯಲ್ಲೇ. ಕೆಲಸದ ಪರವಾನಗಿ, ತೆರಿಗೆ, ಭಾಷಾ ಪರೀಕ್ಷೆ ಎಲ್ಲ ಸರಿಯಿದ್ದರೂ ಅವಳ ಕಾಯಂ ವಾಸದ ಅರ್ಜಿ ತಿರಸ್ಕೃತವಾಗಿತ್ತು. ಮಾಲೀಕನ ಪ್ರಮಾಣಪತ್ರವನ್ನು ಹದಿನಾಲ್ಕು ದಿನದೊಳಗೆ ಕಳಿಸಿ ಎಂದು ವಲಸೆ ಕಚೇರಿ ಬರೆದಿದ್ದ ರಿಜಿಸ್ಟರ್ಡ್ ಪತ್ರ ಅವಳ ಕೈ ಸೇರಿಯೇ ಇರಲಿಲ್ಲ. ಈಗ ಮೂವತ್ತು ದಿನದಲ್ಲಿ ದೇಶ ಬಿಡಬೇಕು.

ಅವಳನ್ನು ಕರೆತಂದಿದ್ದವನು ಬೊಗುಮಿಲ್. ಟೋಪಿಯನ್ನು ಮಂಡಿಯ ಮೇಲಿಟ್ಟು ಕೂತಿದ್ದ, ನೀರು ಕೊಟ್ಟರೂ ಬೇಡವೆಂದ. ಇನ್‌ಸ್ಪೆಕ್ಟರ್ ಹಾಲಿನಾ ವ್ರೋನಾ ಎಫ್‌ಐಆರ್ ದಾಖಲಿಸಿದಳು.

ಮರುದಿನ ಅಂಚೆ ಕಚೇರಿಯಿಂದ ಸ್ವೀಕೃತಿ ಚೀಟಿ ಸಿಕ್ಕಿತು. ತಾರೀಖು ಫೆಬ್ರವರಿ 27. 'ಮನೆಯವರು' ಎಂಬಲ್ಲಿ ಗೀಚಿದ ಸಹಿ, ಪಕ್ಕದಲ್ಲಿ ಎಣ್ಣೆಯ ಕಲೆ. ಅದು ಪೊಂಚ್ಕಿ ಗುರುವಾರವೆಂದು ಕಾನ್‌ಸ್ಟೇಬಲ್ ಓಲೆಕ್ ನೆನಪಿಸಿದ. ಕ್ರೈಸ್ತರ ಉಪವಾಸ ವ್ರತದ ದಿನಗಳಿಗೆ ಮುಂಚೆ ಊರಿಗೆ ಊರೇ ಪೊಂಚ್ಕಿ ಎಂಬ ಕರಿದ ಸಿಹಿಗಾಗಿ ಸಾಲುಗಟ್ಟುವ ದಿನ.

"ಮರೆಯೋಕಾಗುತ್ತಾ ಮೇಡಂ?" ಎಂದ ಅಂಚೆಯವನು. "ಆ ಹುಡುಗಿ ಬಾಣಲೆ ಮುಂದೆ ಇದ್ಲು. ಬೊಗುಮಿಲ್ ಸಾಹೇಬ್ರು ನಾನೇ ಕೊಡ್ತೀನಿ ಅಂತ ಸಹಿ ಹಾಕಿ, ಬಿಸಿಬಿಸಿ ಎರಡು ಪೊಂಚ್ಕಿ ನನ್ನ ಕೈಗಿಟ್ರು."

ಮಧ್ಯಾಹ್ನ 2.15ಕ್ಕೆ ಬೇಕರಿಯಲ್ಲಿ ಪಂಚನಾಮೆ. ಸಿಯೂರಿ ವಕೀಲರ ಬಳಿ ಹೋಗಿದ್ದಳು. ಹುಡುಕುವ ಕಷ್ಟವೇ ಬರಲಿಲ್ಲ. ಗಸಗಸೆ ಡಬ್ಬಿಗಳ ಹಿಂದಿನಿಂದ ಬೊಗುಮಿಲ್ ತಾನೇ ಲಕೋಟೆ ತೆಗೆದುಕೊಟ್ಟ. ವಲಸೆ ಕಚೇರಿಯ ಪತ್ರದ ಜೊತೆ ಅದು ಕೇಳಿದ್ದ ಪ್ರಮಾಣಪತ್ರವೂ ಇತ್ತು. ಫೆಬ್ರವರಿ 27ರಂದೇ ಭರ್ತಿ ಮಾಡಿ ಸಹಿ ಹಾಕಿದ್ದ.

"ಬರೆದಿಟ್ಟು ಯಾಕೆ ಕೊಡ್ಲಿಲ್ಲ?"

"ನಾಳೆ ಕೊಡೋಣ ಅಂದ್ಕೊಂಡೆ ಮೇಡಂ. ಈಗಿನ ಪರವಾನಗಿ ನನ್ನ ಬೇಕರಿಗೆ ಮಾತ್ರ. ಕಾಯಂ ವಾಸದ ಕಾರ್ಡ್ ಬಂದ್ರೆ ಅವಳು ಎಲ್ಲಿಗೆ ಬೇಕಾದ್ರೂ ಹೋಗಬಹುದು. ಹದಿನೈದನೇ ದಿನ ಕೊಡೋಕೆ ಮುಖ ಇರ್ಲಿಲ್ಲ."

"ಮತ್ತೆ ನೀವೇ ಅವಳನ್ನ ಠಾಣೆಗೆ ಕರ್ಕೊಂಡು ಬಂದ್ರಲ್ಲ?"

"ನೀವಾದ್ರೂ ನನ್ನ ಹಿಡೀತೀರಿ ಅಂತ."

ಹಾಲಿನಾಗೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು. ಈ ಹೇಳಿಕೆ ಅವನಿಗೇ ಮುಳುವಾಗುತ್ತದೆ, ಆದರೆ ಇದನ್ನು ನೋಡಿ ಕಚೇರಿ ಸಿಯೂರಿಗೆ ಮತ್ತೆ ಗಡುವು ಕೊಡಬಹುದು ಎಂದು ತಿಳಿಸಿದಳು. ಹೇಳಿಕೆಯ ಕೆಳಗೆ ಅವನು ಈ ಸಲ ಅಕ್ಷರ ಅಕ್ಷರವಾಗಿ ಪೂರ್ತಿ ಹೆಸರು ಬರೆದ. 3.40ಕ್ಕೆ ದಸ್ತಗಿರಿಯಾಯಿತು.

ಠಾಣೆಯಲ್ಲಿ ಅವನ ಜೇಬಿನ ವಸ್ತುಗಳನ್ನು ಮೇಜಿನ ಮೇಲೆ ಇಡಿಸಲಾಯಿತು. ದೂರುದಾರಳಿಗೆ ವಿಷಯ ತಿಳಿಸಲು ಓಲೆಕ್ ಕರೆ ಮಾಡಿದ. ಅವಳ ಫೋನ್ ಆಫ್ ಆಗಿತ್ತು. ದೂರಿನ ಅರ್ಜಿಯಲ್ಲಿ 'ನಂಬಿಕಸ್ಥರು' ಎಂಬಲ್ಲಿ ಅವಳು ಇನ್ನೊಂದು ನಂಬರ್ ಬರೆದಿದ್ದಳು. ಅದನ್ನು ಒತ್ತಿದ.

ಮೇಜಿನ ಮೇಲಿದ್ದ ಬೊಗುಮಿಲ್‌ನ ಫೋನ್ ರಿಂಗಾಯಿತು.