ಹೆಸರು ಕರೆಯಬಾರದ ಮೈಕು

"ಆ ಮೈಕ್ ಮುಟ್ಟಬೇಡಮ್ಮ. ಮುಟ್ಟಿದ್ರೂ ಅದರಲ್ಲಿ ಯಾರ ಹೆಸರೂ ಕರೀಬೇಡ" ಎಂದು ಸೌಂಡ್ ಅಜ್ಜ ಹೇಳಿದಾಗ ಗುಬ್ಬಿ ಕಿಸಕ್ಕನೆ ನಕ್ಕಳು.

ನಗದೆ ಏನು ಮಾಡಿಯಾಳು? ಹತ್ತೊಂಬತ್ತು ವರ್ಷದ ಹುಡುಗಿ. ಟೀವಿಯ ಹಾಡಿನ ಸ್ಪರ್ಧೆಗೆಂದು ಸಾವಿರಾರು ಜನರನ್ನು ಜರಡಿ ಹಿಡಿದು ಉಳಿಸಿಕೊಂಡ ಹನ್ನೆರಡು ಮಂದಿಯಲ್ಲಿ ತಾನೂ ಒಬ್ಬಳು ಎಂಬ ಅಮಲು ಇನ್ನೂ ಇಳಿದಿರಲಿಲ್ಲ. ಟೀವಿಯವರು ಸ್ಪರ್ಧಿಗಳ ನಿಜದ ಹೆಸರು ಬದಿಗಿಟ್ಟು ಎಲ್ಲರಿಗೂ ಒಂದೊಂದು ಅಡ್ಡಹೆಸರು ಅಂಟಿಸಿದ್ದರು. ಇವಳಿಗೆ ಮಾತ್ರ ಅಮ್ಮ ಮನೆಯಲ್ಲಿ ಕರೆಯುವ ಹೆಸರೇ ಉಳಿದಿತ್ತು.

ಸ್ಟುಡಿಯೋದ ಹಿಂದಿನ ಆ ಕೋಣೆಯಲ್ಲಿ ಹಗಲಿಗೂ ಕತ್ತಲೆಗೂ ವ್ಯತ್ಯಾಸವಿರಲಿಲ್ಲ. ಬಿಸಿಯಾದ ತಂತಿಯ ವಾಸನೆ, ಮುಗ್ಗಲು ಹಿಡಿದ ಕಾರ್ಪೆಟ್ಟಿನ ವಾಸನೆ. ತನ್ನ ಪಾಲಿನ ಮೈಕು ಕರಕರ ಎನ್ನುತ್ತದೆಂದು ಬೇರೆಯದನ್ನು ಕೇಳಲು ಬಂದವಳು, ಕಪಾಟಿನ ತಳದಲ್ಲಿದ್ದ ಕರಿಬಟ್ಟೆಯ ಗಂಟನ್ನು ಕೇಳದೆಯೇ ಬಿಚ್ಚಿದ್ದಳು. ಒಳಗೆ ಬೆಳ್ಳಿ ಬಣ್ಣದ ಹಳೇ ಕಾಲದ ಮೈಕು. ಮೂಗಿನ ಹತ್ತಿರ ತಂದರೆ ಸುಟ್ಟ ಕೂದಲಿನ ಘಾಟು.

"ಹತ್ತು ವರ್ಷದ ಹಿಂದೆ ಇದೇ ಸ್ಟೇಜ್ ಮೇಲೆ ಒಬ್ಬಳು ಹಾಡ್ತಿದ್ಲು. ಗೆಲ್ಲೋಳು ಅವಳೇ" ಎಂದ ಅಜ್ಜ, ಬಾಗಿಲ ಕಡೆ ನೋಡುತ್ತ. "ಮೇಲಿನೋರು ಹೇಳಿದ್ರು ಅಂತ ಅರ್ಧ ಹಾಡಲ್ಲಿ ಅವಳ ಮೈಕಿನ ದನಿ ಇಳಿಸಿಬಿಟ್ಟೆ. ನಾನೇ, ಈ ಕೈಯಿಂದಲೇ. ಹುಡುಗಿ ಆಮೇಲೆ ಬಾಯೇ ಬಿಡಲಿಲ್ಲ. ಅವಳ ತಾಯಿ ಇದಕ್ಕೆ ಮಾಟ ಮಾಡಿಸಿದ್ಲು. ಜಾಲರಿ ಒಳಗೆ ಮಗಳ ಕೂದಲಿನ ಗಂಟಿದೆ. ಇದರಲ್ಲಿ ಯಾರನ್ನ ಕರೆದ್ರೂ ಅವರ ದನಿ ಕರೆದೋರ ಪಾಲು. ಎರಡು ಸಲ ಬಾವಿಗೆ ಎಸೆದು ಬಂದೆ. ನಾನು ವಾಪಸ್ ಬರೋಷ್ಟರಲ್ಲಿ ಅದು ಬಂದು ಕಪಾಟಲ್ಲಿ ಕೂತಿತ್ತು."

"ಅಂದ್ರೆ ಅದಕ್ಕೆ ಬಸ್ ರೂಟ್ ಎಲ್ಲಾ ಗೊತ್ತು! ನಮ್ಮಮ್ಮನ ಹತ್ರ ಕೆಲಸ ಕೊಡಿಸ್ತೀನಿ ಬಿಡಿ ಅಜ್ಜ."

ಅವಳ ಅಮ್ಮ ದೊಡ್ಡ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು. ಗಾಜಿನ ಗೂಡಿನಲ್ಲಿ ಕೂತು ಇಪ್ಪತ್ತೆರಡು ವರ್ಷ "ದಯವಿಟ್ಟು ಗಮನಿಸಿ" ಎಂದವಳು. ಆ 'ಗಮನಿಸಿ'ಯ ಕೊನೆಯನ್ನು ಅವಳು ತುಸು ಎಳೆಯುವ ರೀತಿಗೆ ಎಷ್ಟೋ ಪ್ರಯಾಣಿಕರು ಬಸ್ಸು ಮರೆತು ತಲೆಯೆತ್ತಿದ್ದುಂಟು. ಗಂಡ ಬಿಟ್ಟು ಹೋದ ಮೇಲೆ ಮಗಳನ್ನು ಸಾಕಿದ್ದೂ ಆ ದನಿಯೇ, ಹಾಡು ಕಲಿಸಿದ್ದೂ ಆ ದನಿಯೇ.

ಅಷ್ಟರಲ್ಲಿ ಕಾರ್ಯಕ್ರಮದ ನಿರ್ದೇಶಕ ಒಳಗೆ ಬಂದ. ಬೆಳ್ಳಿ ಮೈಕು ನೋಡಿದವನೇ "ಹಳೇ ಲುಕ್, ಸೂಪರ್! ಇದೇ ಇರಲಿ" ಎಂದುಬಿಟ್ಟ. ಹೊಟ್ಟೆಪಾಡಿನ ಅಜ್ಜ ಅದಕ್ಕೆ ತಂತಿ ಜೋಡಿಸಿದ.

ಸೌಂಡ್ ಚೆಕ್ಕಿನಲ್ಲಿ ಎಲ್ಲರೂ ಒನ್, ಟೂ, ತ್ರೀ ಎನ್ನುವುದು ರೂಢಿ. ಈ ಸ್ಟುಡಿಯೋದಲ್ಲಿ ಮಾತ್ರ ಅದು ಕಟ್ಟಪ್ಪಣೆ. ಅಂಕಿ ಬಿಟ್ಟು ಇನ್ನೊಂದು ಮಾತಾಡುವಂತಿಲ್ಲ. ಗುಬ್ಬಿ ಖಾಲಿ ಕುರ್ಚಿಗಳ ಮುಂದೆ ನಿಂತು ಅಜ್ಜನ ಕಡೆ ಕಣ್ಣು ಮಿಟುಕಿಸಿದಳು.

"ಒನ್, ಟೂ, ತ್ರೀ... ಅಮ್ಮಾ! ಕೇಳಿಸ್ತಿದೆಯಾ ಅಮ್ಮಾ?"

ಸ್ಪೀಕರಿನಿಂದ 'ಗುಟುಕ್' ಎಂದು ಸದ್ದು ಬಂತು. ಯಾರೋ ಏನನ್ನೋ ನುಂಗಿದ ಹಾಗೆ. ಅಜ್ಜ ಕಿವಿ ಮುಚ್ಚಿಕೊಂಡು ನೆಲ ನೋಡಿದ.

ಅದೇ ಗಳಿಗೆಯಲ್ಲಿ ನಿಲ್ದಾಣದ ಗಾಜಿನ ಗೂಡಿನಲ್ಲಿ ಅಮ್ಮ "ದಯವಿಟ್ಟು ಗಮನಿ" ಎಂಬಲ್ಲಿಗೆ ನಿಂತಳು. ಬಾಯಿ ತೆರೆದೇ ಇತ್ತು. ಬಸ್ಸು ಜನರಿಲ್ಲದೆ ಹೊರಟು ಹೋಯಿತು.

ಮಧ್ಯಾಹ್ನದ ಚಿತ್ರೀಕರಣದಲ್ಲಿ ಗುಬ್ಬಿ ಹಾಡಿದಳು. ಅವಳ ತೆಳ್ಳನೆ ಕೊರಳಿಗೆ ಎಲ್ಲಿಂದಲೋ ಒಂದು ತೂಕ ಬಂದಿತ್ತು. ಸಾಲಿನ ಕೊನೆ ತಾನಾಗಿ ತುಸು ಎಳೆಯುತ್ತಿತ್ತು. ತೀರ್ಪುಗಾರ್ತಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಒಂದೇ ವಾರದಲ್ಲಿ ಊರಿನ ಫೋನುಗಳಲ್ಲೆಲ್ಲ ಗುಬ್ಬಿ, ಗುಬ್ಬಿಯ ಕೈಯಲ್ಲಿ ಬೆಳ್ಳಿ ಮೈಕು.

ವೈದ್ಯರು ಅಮ್ಮನ ಗಂಟಲಿಗೆ ಬೆಳಕು ಬಿಟ್ಟು ನೋಡಿ, ಏನೂ ಇಲ್ಲ, ಎಲ್ಲ ಸರಿಯಿದೆ ಎಂದರು. ಗೂಡಿನ ಕೆಲಸ ಹೋಯಿತು. ನಿಲ್ದಾಣದವರು ಅವಳನ್ನು ಲಗೇಜ್ ಕೋಣೆಯಲ್ಲಿ ಚೀಟಿ ಅಂಟಿಸಲು ಕೂರಿಸಿದರು. ಅಮ್ಮ ಒಂದು ಸ್ಲೇಟು ಕೊಂಡಳು. ಮೊದಲು ಬರೆದದ್ದು, "ಚೆನ್ನಾಗಿ ಹಾಡಿದೆ ಕಣೇ."

ಗುಬ್ಬಿಗೆ ಅಜ್ಜನ ಮಾತು ನೆನಪಾಯಿತು. ಇಲ್ಲವೆನ್ನಲಾರೆ. ಆದರೆ ಕಾಕತಾಳೀಯವೂ ಇರಬಹುದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಖಾತ್ರಿ ಮಾಡಿಕೊಳ್ಳೋಣವೆಂದು ಮುಂದಿನ ಚೆಕ್ಕಿನಲ್ಲಿ "ಒನ್, ಟೂ, ತ್ರೀ... ಗಿಟಾರ್" ಎಂದಳು. ಗಿಟಾರ್ ಎಂದರೆ ಅವಳಿಗಿಂತ ಚೆನ್ನಾಗಿ ಹಾಡುತ್ತಿದ್ದ ಹುಡುಗ, ಅದು ಅವನಿಗೆ ಇಟ್ಟ ಹೆಸರು. ಗುಟುಕ್. ಮಧ್ಯಾಹ್ನ ಅವನು ವೇದಿಕೆಯ ಮೇಲೆ ಬರೀ ಉಸಿರು ಬಿಟ್ಟ. ಗುಬ್ಬಿಯ ಕೆಳಗಿನ ಸ್ವರಗಳು ಗುಂಯ್‌ಗುಟ್ಟಿದವು.

ಆಮೇಲೆ ಖಾತ್ರಿಯ ಮಾತೇ ಇರಲಿಲ್ಲ. ಮುಂದಿನ ವಾರ ನರ್ಸಕ್ಕ. ಅದರ ಮುಂದಿನ ವಾರ ಅವಳಿ ಅಣ್ಣತಮ್ಮಂದಿರು, ಇಬ್ಬರೂ ಒಂದೇ ಉಸಿರಿಗೆ. ಅಂಕಿ ಎಣಿಸಿದಷ್ಟು ಸಲೀಸಾಗಿ ಕರೆದಳು. ಸ್ಟುಡಿಯೋದ ಎಸಿಗೆ ಎಲ್ಲರ ಗಂಟಲು ಕಟ್ಟಿದೆ ಎಂದು ಪತ್ರಿಕೆಯವರು ಬರೆದರು. ಅವಳ ಬೆರಳಲ್ಲಿ ಸುಟ್ಟ ಕೂದಲಿನ ವಾಸನೆ ನಿಂತುಬಿಟ್ಟಿತು. ಸೋಪು ಸವೆಯಿತೇ ಹೊರತು ವಾಸನೆ ಹೋಗಲಿಲ್ಲ.

ಒಂದು ದಿನ ಸೌಂಡ್ ಅಜ್ಜ ಅವಳನ್ನು ಅಡ್ಡಗಟ್ಟಿದ.

"ಇದಕ್ಕೆ ಒಂದೇ ದಾರಿ ಇದೆ ತಾಯಿ. ನಿನ್ನ ಹೆಸರನ್ನ ನೀನೇ ಅದರಲ್ಲಿ ಕರಿ. ನಿನ್ನ ದನಿ ಹೋಗುತ್ತೆ. ಆದರೆ ತಗೊಂಡಿದ್ದೆಲ್ಲ ಅವರವರಿಗೆ ವಾಪಸ್ ಹೋಗುತ್ತೆ. ನಿಮ್ಮಮ್ಮನ ಮುಖ ನೋಡಿ ಕರಿ."

"ಬೇರೆಯೋರು ನನ್ನ ಹೆಸರು ಕರೆದ್ರೆ?"

"ಆಗ ಯಾರದ್ದೂ ವಾಪಸಿಲ್ಲ. ಎಲ್ಲಾ ಕರೆದೋರ ಹೊಟ್ಟೆಗೆ."

"ಫೈನಲ್ ಮುಗೀಲಿ ಅಜ್ಜ" ಎಂದಳು ಗುಬ್ಬಿ. "ಆಮೇಲೆ ನೋಡೋಣ." ಆ ದಿನದಿಂದ ಮೈಕನ್ನು ಬೇರೆಯವರ ಕೈಗೆ ಕೊಡಲೇ ಇಲ್ಲ. ಚೀಲದಲ್ಲಿಟ್ಟು ಮನೆಗೆ ಒಯ್ದು ದಿಂಬಿನ ಪಕ್ಕ ಇಟ್ಟುಕೊಂಡಳು. ಅದೇ ಕೋಣೆಯಲ್ಲಿ ಅಮ್ಮ ಮಗಳ ಅಂಗಿಗೆ ಇಸ್ತ್ರಿ ಹಾಕುತ್ತ ತುಟಿಯಲ್ಲೇ ಹಾಡಿಕೊಳ್ಳುತ್ತಿದ್ದಳು, ಸದ್ದಿಲ್ಲದೆ. ಗುಬ್ಬಿ ಅದನ್ನು ಕಂಡೂ ಕಾಣದ ಹಾಗೆ ಇದ್ದಳು. ಎಂಥ ಕಲ್ಲೆದೆ!

ಕೊನೆಗೆ ಇಬ್ಬರು ಉಳಿದರು. ಗುಬ್ಬಿ ಮತ್ತು ಡ್ರೈವರ್. ಡ್ರೈವರ್ ನಿಜಕ್ಕೂ ಟ್ಯಾಕ್ಸಿ ಓಡಿಸುವವನು. ಫೈನಲ್ಲಿನ ಬೆಳಿಗ್ಗೆ ಚೆಕ್ಕಿನಲ್ಲಿ ಅವನನ್ನೂ ಕರೆದುಬಿಡಬೇಕೆಂದು ಬಂದರೆ, ನಿರ್ದೇಶಕ ಅವಳ ಕೈಯಿಂದ ಮೈಕನ್ನು ಕಿತ್ತುಕೊಂಡ. "ಇವತ್ತು ಇದು ಗಾಜಿನ ಪೆಟ್ಟಿಗೆಯಲ್ಲಿ, ಸ್ಟೇಜಿನ ನಡುವೆ. ಜನಕ್ಕೆ ನಿನಗಿಂತ ಇದೇ ಇಷ್ಟ ಆಗಿಬಿಟ್ಟಿದೆ ಕಣಮ್ಮ" ಎಂದು ನಕ್ಕ. ಗುಬ್ಬಿಯೂ ನಕ್ಕಳು. ದನಿಯೇನೋ ಕೊರಳಲ್ಲೇ ಇತ್ತಲ್ಲ. ಸಾಮಾನ್ಯ ಮೈಕಿನಲ್ಲಿ ಹಾಡಿದಳು. ಆರು ಜನರ ದನಿ ಒಂದೇ ಕೊರಳಲ್ಲಿ ಎದ್ದಿತು. ಜನ ಎದ್ದು ನಿಂತರು. ಮತದಾನ ಮುಗಿಯಿತು.

ಆಗ ನಿರ್ದೇಶಕ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಈಗ ಮಜಾ ನೋಡು. ಗೆದ್ದವರ ಹೆಸರನ್ನ ನಿನ್ನ ಬೆಳ್ಳಿ ಮೈಕಲ್ಲೇ ಕರೆಸ್ತೀನಿ."

ಗುಬ್ಬಿ ಗಾಜಿನ ಪೆಟ್ಟಿಗೆಯ ಕಡೆ ತಿರುಗಿದಳು.

ದೀಪಗಳು ಆರಿದವು. ಒಂದೇ ಬೆಳಕು ಉಳಿಯಿತು. ನಿರೂಪಕಿ ಗಾಜಿನ ಪೆಟ್ಟಿಗೆ ತೆರೆದಳು. ಸುಟ್ಟ ಕೂದಲಿನ ವಾಸನೆ ಮುಂದಿನ ಸಾಲಿನವರೆಗೂ ಹರಡಿತು. ಅಲ್ಲಿ ಅಮ್ಮ ಕೂತಿದ್ದಳು, ತೊಡೆಯ ಮೇಲೆ ಸ್ಲೇಟು. "ನನ್ನ ಗುಬ್ಬಿ" ಎಂದು ಬರೆದು ಎತ್ತಿ ಹಿಡಿದಿದ್ದಳು.

ನಗಾರಿಯ ಸದ್ದು ಶುರುವಾಯಿತು. ನಿರೂಪಕಿ ಲಕೋಟೆ ಹರಿದಳು. ಧ್ವನಿ ಮೇಜಿನ ಹಿಂದಿನಿಂದ ಅಜ್ಜ ಎದ್ದು ನಿಂತು ಕಿರುಚಿದ.

"ಗುಬ್ಬೀ! ಈಗಲಾದ್ರೂ ನಿನ್ನ ಹೆಸರು ನೀನೇ ಕರಿ! ನಿಮ್ಮಮ್ಮನ ದನಿಯಾದ್ರೂ ವಾಪಸ್ ಕೊಡು!"

ಮುದುಕನಿಗೆ ತಲೆ ಕೆಟ್ಟಿದೆ ಎಂದು ಜನ ನಕ್ಕರು. ಅಮ್ಮ ನಗಲಿಲ್ಲ. ಮಗಳ ಕಡೆ ತಿರುಗಿದಳು.

ಮೈಕು ಎರಡು ಹೆಜ್ಜೆ ದೂರ. ಎರಡೇ ಹೆಜ್ಜೆ. ಕೈ ಚಾಚಿದರೆ ಸಿಗುತ್ತದೆ. ಒಂದು ಸಲ 'ಗುಬ್ಬಿ' ಎಂದರೆ ಮುಗಿಯಿತು. ಆದರೆ ಡ್ರೈವರ್ ಗೆದ್ದಿದ್ದರೆ? ಗೆದ್ದಿರಬಹುದು. ಅವನೂ ಚೆನ್ನಾಗಿ ಹಾಡಿದ. ದೇವರೇ, ಡ್ರೈವರ್ ಅನ್ನಲಿ. ನಾನು ಸೋಲುವಂತಾಗಲಿ. ದನಿ ನನ್ನದೇ ಆಗಿರಲಿ. ಹೆಜ್ಜೆ ಇಡಲಿಲ್ಲ. ಕಾದಳು.

"ಈ ಸಲದ ವಿಜೇತೆ... ಗುಬ್ಬಿ!"

ಗುಟುಕ್.

ಸಭಾಂಗಣ ಕುಣಿಯಿತು. ಮೇಲಿನಿಂದ ಬಣ್ಣದ ಕಾಗದದ ಚೂರುಗಳು ಸುರಿದವು. ಗುಬ್ಬಿ ಬಾಯಿ ತೆರೆದಳು. ಏನೂ ಇಲ್ಲ. ಮತ್ತೆ ತೆರೆದಳು. ಉಸಿರು. ಬರೀ ಉಸಿರು. ಕಾಗದದ ಚೂರೊಂದು ಬಾಯೊಳಗೆ ಬಿತ್ತು.

ಸಂತೋಷಕ್ಕೆ ಮಾತೇ ಹೊರಡುತ್ತಿಲ್ಲ ಪಾಪ ಎಂದು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಗದ್ದಲ ಅಡಗಿಸಲು ನಿರೂಪಕಿ ಮೈಕು ಎತ್ತಿದಳು. "ದಯವಿಟ್ಟು ಗಮನಿಸಿ" ಎಂದಳು. ಕೊನೆಯಲ್ಲಿ ತುಸು ಎಳೆದಳು. ತನ್ನ ದನಿಗೆ ತಾನೇ ಬೆರಗಾಗಿ ಗಂಟಲು ಮುಟ್ಟಿಕೊಂಡಳು. ಮುಂದಿನ ಸಾಲಿನಲ್ಲಿ ಅಮ್ಮ ಥಟ್ಟನೆ ಎದ್ದು ನಿಂತಳು. ಇಪ್ಪತ್ತೆರಡು ವರ್ಷದ ತನ್ನ ದನಿ ಯಾರಿಗಾದರೂ ಗುರುತು ಸಿಗದೆ ಇರುತ್ತದೆಯೇ?

ಕಾರ್ಯಕ್ರಮ ಮುಗಿದ ಮೇಲೆ ಅಜ್ಜ ಕರಿಬಟ್ಟೆ ಹಿಡಿದು ಬಂದ. ನಿರೂಪಕಿ ಮೈಕನ್ನು ಎದೆಗೆ ಅವುಚಿಕೊಂಡು, "ಇರಲಿ ಅಜ್ಜ, ನಾಳೆ ನನಗೊಂದು ಹಾಡಿನ ರೆಕಾರ್ಡಿಂಗ್ ಇದೆ" ಎಂದಳು.

ಗೆದ್ದವಳಿಗೆಂದು ಕೊಟ್ಟ ಕಾರಿನ ಹಿಂದಿನ ಸೀಟಿನಲ್ಲಿ ತಾಯಿ ಮಗಳು ಕೂತರು. ಕಾರು ಬಸ್ ನಿಲ್ದಾಣ ದಾಟಿತು. ಅಲ್ಲಿ ಯಾವುದೋ ಯಂತ್ರದ ದನಿ ಊರುಗಳ ಹೆಸರು ಒದರುತ್ತಿತ್ತು. ಅಮ್ಮ ಸೆರಗಿನಿಂದ ಸ್ಲೇಟಿನ ಮೇಲಿದ್ದ "ನನ್ನ ಗುಬ್ಬಿ"ಯನ್ನು ಒರೆಸಿದಳು. ನಿಧಾನವಾಗಿ, ದುಂಡಗೆ ಬರೆದಳು.

"ನಿನಗೆ ಯಾವಾಗಿಂದ ಗೊತ್ತಿತ್ತು?"

ಆಮೇಲೆ ಬಳಪವನ್ನು ಮಗಳ ಕೈಗಿಟ್ಟು, ಅವಳು ಬರೆಯುವುದನ್ನೇ ಕಾಯುತ್ತ ಕೂತಳು.